ಎಂಟು ದಿನದ ಬದಲಿ

ಶಿವಮೊಗ್ಗದ ಆಸ್ಪತ್ರೆಯ ಆ ಕನ್ನಡಕದ ಡಾಕ್ಟರನ ಮೇಲೆ ರುದ್ರೇಶನಿಗೆ ಈಗಲೂ ಕೋಪ ಆರಿಲ್ಲ. ಮೂರ್ತಪ್ಪನ ರಿಪೋರ್ಟು ಮುಂದಿಟ್ಟು, "ಏನ್ ಸ್ವಾಮಿ ಬರ್ದಿರೋದು?" ಎಂದರೆ, "ನಿಮಗೆ ಅರ್ಥ ಆಗಲ್ಲ, ಬಿಡಿ" ಎಂದುಬಿಟ್ಟಿದ್ದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟರೇನು, ಭದ್ರಾವತಿಯ ಫೌಂಡ್ರಿಯಲ್ಲಿ ಮೂವತ್ತು ವರ್ಷ ಕಬ್ಬಿಣ ಹುಯ್ಯಲು ಮರಳಿನ ಅಚ್ಚು ಕಟ್ಟಿದವನು ರುದ್ರೇಶ. ಮೇಜು ಗುದ್ದಿ ಎದ್ದು ಬಂದಿದ್ದ.

ಮೂರ್ತಪ್ಪ ಅವನ ಜೊತೆಗೇ ಕೆಲಸಕ್ಕೆ ಸೇರಿದ ಗೆಳೆಯ. ಎರಡು ವರ್ಷದಿಂದ ಕೆಮ್ಮು. "ಆ ಬೀಡಿ ಬಿಸಾಕು ಅಂದ್ರೆ ಕೇಳಲ್ಲ ನೀನು" ಎಂದು ರುದ್ರೇಶ ದಿನಾ ಬೈಯುತ್ತಿದ್ದ.

ವಾಪಸು ಬರುವ ಬಸ್ಸಿನಲ್ಲಿ ಮೂರ್ತಪ್ಪ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ. ನರ್ಸಿಂಗ್ ಓದುವ ಅವನ ಮಗಳು ವೀಣಾ ರಿಪೋರ್ಟಿನಲ್ಲಿದ್ದ ಕಾಯಿಲೆಯ ಹೆಸರನ್ನು ಎಕ್ಸ್‌ರೇ ಕವರಿನ ಮೇಲೆ ಬಿಡಿಸಿ ಬರೆದಳು: ನ್ಯು-ಮೊ-ಕೋ-ನಿ-ಓ-ಸಿಸ್.

"ಹೇಳೋಕೆ ಆರು ತುಂಡು, ಮಾವ. ಅರ್ಥಕ್ಕೆ ಮೂರೇ."

"ಇದೇನಮ್ಮ, ರೈಲು ಬೋಗಿ ಇದ್ದಂಗಿದೆ!"

"ನ್ಯುಮೊ ಅಂದ್ರೆ ಶ್ವಾಸಕೋಶ. ಕೊನೇಲಿರೋ ಓಸಿಸ್ ಅಂದ್ರೆ ಕಾಯಿಲೆ."

"ನಡುವಿಂದು?"

ವೀಣಾ ಅಪ್ಪನ ಕಡೆ ನೋಡಿದಳು. "ಕೋನಿ. ಹಂಗಂದ್ರೆ ಧೂಳು."

"ಬೀಡಿ ಎಲ್ಲಿದೆ ಇದ್ರಲ್ಲಿ?"

"ಇಲ್ಲ ಮಾವ."

ರುದ್ರೇಶ ಕವರಿನ ಮೇಲಿನ 'ಕೋನಿ'ಯ ಮೇಲೆ ಬೆರಳಿಟ್ಟ. ಹನ್ನೊಂದು ವರ್ಷದ ಹಿಂದೆ ಅವನು ಮೇಸ್ತ್ರಿಯ ಕಾಲರ್ ಹಿಡಿದಿದ್ದ. ಅದಕ್ಕೆ ಶಿಕ್ಷೆಯಾಗಿ ಅಚ್ಚು ಒಡೆಯುವ ಕೋಣೆಗೆ ಹಾಕಿದರು. ಸುಟ್ಟ ಮರಳಿನ ಧೂಳಿನಲ್ಲಿ ಎದುರಿಗಿದ್ದವನ ಮುಖ ಕಾಣದ ಜಾಗ. ಕೆಲಸವೇ ಬೇಡವೆಂದು ಇವನು ಹಾರಾಡುವಾಗ ಮೂರ್ತಪ್ಪನೇ ಅಡ್ಡ ಬಂದ. "ಎಂಟು ದಿನ ನಿನ್ ಬದಲಿ ನಾ ಹೋಗ್ತೀನಿ ಮಾರಾಯ. ತಲೆ ತಣ್ಣಗಾದ್ಮೇಲೆ ನೀ ಬಾ."

ಬದಲಿ ಹೋದವನಿಗೆ ತಿರುಗಿ ಬದಲಿ ಹೋಗುವುದು ಫೌಂಡ್ರಿಯ ರೂಢಿ; ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಎಂಟು ದಿನ ಕಳೆದರೂ ರುದ್ರೇಶ ಹೋಗಲಿಲ್ಲ. ಮೂರ್ತಪ್ಪ ಕೇಳಲಿಲ್ಲ. ಅಲ್ಲೇ ಉಳಿದುಬಿಟ್ಟ.

ಭದ್ರಾವತಿ ಬಂದಾಗ ಮೂರ್ತಪ್ಪ ಎಚ್ಚೆತ್ತ. "ಏನಂತೆ ಕಾಯಿಲೆ ಹೆಸರು?"

ರುದ್ರೇಶ ಒಂದೊಂದೇ ತುಂಡು ಜೋಡಿಸಿ ಹೇಳಿದ.

"ಅಬ್ಬಾ, ನಮ್ಮಪ್ಪ ಇಟ್ಟ ಹೆಸರಿಗಿಂತ ಉದ್ದ!" ಮೂರ್ತಪ್ಪ ನಗಲು ಹೋಗಿ ಕೆಮ್ಮಿದ. "ಹಂಗಂದ್ರೇನು?"

"ಬೀಡಿ ಬಿಡ್ಬೇಕಂತೆ."

ವೀಣಾ ಕವರನ್ನು ಮಡಚಿ ಚೀಲದೊಳಗೆ ತುರುಕಿದಳು.

ಎರಡು ತಿಂಗಳಿಗೆ ಮೂರ್ತಪ್ಪ ಹೋದ. ತಿಥಿ ಮುಗಿದ ಮರುದಿನ ರುದ್ರೇಶ ಮೇಸ್ತ್ರಿಯ ಮುಂದೆ ನಿಂತ. "ಅಚ್ಚು ಒಡೆಯೋ ಕೋಣೆಗೆ ನನ್ನ ಹಾಕಿ. ಎಂಟೇ ದಿನ."

"ತಲೆ ಕೆಟ್ಟಿದ್ಯಾ? ಅಲ್ಲಿ ಹೋದ ತಿಂಗಳೇ ಮಷೀನು ಕೂರ್ಸಿದ್ದಾರಲ್ಲ, ಆಳು ಬೇಡ."

ರುದ್ರೇಶ ಆ ಕೋಣೆಯ ಬಾಗಿಲ ತನಕ ಹೋಗಿ ನೋಡಿದ. ಯಂತ್ರ ತಾನೇ ಅಲುಗಿ ಅಲುಗಿ ಅಚ್ಚು ಒಡೆಯುತ್ತಿತ್ತು. ಮನುಷ್ಯ ನಿಲ್ಲಲು ಅಲ್ಲಿ ಜಾಗವೇ ಇರಲಿಲ್ಲ. ಆ ಎಂಟು ದಿನದ ಬಾಕಿ ಹಾಗೇ ಉಳಿಯಿತು.