ಎರಡು ಹೊಳ್ಳೆ, ಒಂದು ಚಪ್ಪಲಿ

ಕೊಟ್ಟೂರಿನಿಂದ ಹಡಗಲಿಗೆ ಹೊರಟ ಬಸ್ಸಿನಲ್ಲಿ ಒಬ್ಬನಿಗೆ ಫಿಟ್ಸ್ ಬಂತು. ನಾನು ನರ್ಸು, ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಸ್ಪ್ರೇ ನನ್ನ ಬ್ಯಾಗಿನಲ್ಲಿತ್ತು. ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಪಕ್ಕದ ಅಜ್ಜಿ ನನ್ನ ಕಾಲಿನ ಚಪ್ಪಲಿಯನ್ನೇ ಕಿತ್ತು ಅವನ ಮೂಗಿಗೆ ಹಿಡಿದಿದ್ದಳು.

"ಚಪ್ಪಲಿ ತೆಗಿ ಅಜ್ಜಿ. ಈ ಔಷಧ ಮೂಗಿನಿಂದ ಸೀದಾ ಮಿದುಳಿಗೆ ಹೋಗ್ತೈತಿ."

"ಚಪ್ಪಲಿ ವಾಸನಿ ಮತ್ತೆಲ್ಲಿಗೆ ಹೋಗ್ತೈತಿ?"

ವಾದಕ್ಕೆ ಹೊತ್ತಿರಲಿಲ್ಲ. ಕೊನೆಗೆ ಅವಳೇ ರಾಜಿಗೆ ಬಂದಳು: "ಎರಡು ಹೊಳ್ಳಿ ಅದಾವಲ್ಲ, ಒಂದು ನೀ ತಗೋ."

ನನ್ನ ಪಾಲಿನ ಹೊಳ್ಳೆಗೆ ಸ್ಪ್ರೇ ಒತ್ತಿದೆ. ಸ್ವಲ್ಪ ಹೊತ್ತಿಗೆ ಅವನ ಕೈಕಾಲಿನ ಸೆಳೆತ ನಿಂತಿತು. ಅಜ್ಜಿ ಚಪ್ಪಲಿಯನ್ನು ತಿರುಗಿಸಿ ನೋಡಿ, ಗೌರವದಿಂದ ನನ್ನ ಕೈಗಿತ್ತಳು.

"ಭಾಳ ಪವರ್ ಐತವ್ವ. ಎಲ್ಲಿ ತಗೊಂಡಿ?"

ಹರಪನಹಳ್ಳಿ ಸಂತೆಯಲ್ಲಿ ಅಂದೆ. ಸ್ಪ್ರೇ ಎಲ್ಲಿ ಸಿಗುತ್ತದೆಂದು ಬಸ್ಸಿನಲ್ಲಿ ಯಾರೂ ಕೇಳಲಿಲ್ಲ.