ನಾಯಿಯ ಪ್ರಾರ್ಥನೆ

ಧಾರವಾಡದ ತವರಿನಿಂದ ಹುಬ್ಬಳ್ಳಿಯ ಗಂಡನ ಮನೆಗೆ ಬಂದಾಗ ನನ್ನ ಜೊತೆ ಎರಡು ಟ್ರಂಕು, ಒಂದು ನಾಯಿ ಬಂದಿದ್ದವು. ಟ್ರಂಕುಗಳನ್ನು ಒಳಗಿಟ್ಟರು, ನಾಯಿಯನ್ನು ಹಿತ್ತಲಿಗೆ ಅಟ್ಟಿದರು. ಎರಡನೆಯ ಮಹಾಯುದ್ಧಕ್ಕಿಂತ ಮುಂಚಿನ ಮಾತು. ಮಾವ ಮಿಶನ್ ಶಾಲೆಯ ಮಾಸ್ತರರು, ಚರ್ಚಿನ ಹಿರಿಯರಲ್ಲೊಬ್ಬರು. ನನ್ನ ಅಡುಗೆ, ನಡಿಗೆ, ನಗು ಯಾವುದೂ ಅವರಿಗೆ ಹಿಡಿಸುತ್ತಿರಲಿಲ್ಲ.

ಒಂದು ಸಂಜೆ ಮನೆಯವರೆಲ್ಲ ಪಡಸಾಲೆಯಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾಗ ನಾಯಿ ಹೊಸ್ತಿಲ ಬಳಿ ಬಂದು, ಮುಂಗಾಲು ಚಾಚಿ, ಎದೆ ನೆಲಕ್ಕೆ ಹಚ್ಚಿ, ಹಿಂಭಾಗ ಎತ್ತಿ ಅಲುಗದೆ ನಿಂತಿತು. ಮಾವ ಕಣ್ಣು ತೆರೆದು ನೋಡಿ, "ನೋಡ್ರಿ, ನಾಯಿನೂ ಪ್ರಾರ್ಥನಾ ಮಾಡಾಕತ್ತೈತಿ" ಎಂದರು. ಮರುದಿನ ಮಿಶನ್ ಕಂಪೌಂಡಿಗೆಲ್ಲ ಸುದ್ದಿ. ಭಕ್ತ ನಾಯಿಯನ್ನು ನೋಡಲು ನೆರೆಯವರು ಬರತೊಡಗಿದರು. ಅದು ಬಾಗಿದಾಗಲೆಲ್ಲ ಮಾವ ಕೈಯಾರೆ ಕುರಿಯ ಕೊಬ್ಬಿನ ತುಂಡು ಹಾಕುತ್ತಿದ್ದರು. "ನಮ್ಮ ಸೊಸಿ ತಂದ ನಾಯಿ" ಎಂದು ನನ್ನತ್ತ ನೋಡಿ ನಗುತ್ತಿದ್ದರು. ಆ ನಗುವಿಗೆ ನಾನು ಮರುಳಾದೆ. ಕೊಬ್ಬು ಕಡಿಮೆ ಬಿದ್ದ ದಿನ ನನ್ನ ಪಾಲಿನದನ್ನೇ ಎತ್ತಿಡುತ್ತಿದ್ದೆ.

ಕೆಲವು ವಾರಗಳಲ್ಲಿ ನಾಯಿ ಹಳದಿ ನೀರು ಕಾರತೊಡಗಿತು, ಕಣ್ಣೂ ಹಳದಿಯಾದವು. ನಡುಮಧ್ಯಾಹ್ನ ಹಿತ್ತಲಲ್ಲೂ ಹಾಗೆಯೇ ಬಾಗಿ ನಿಂತಿರುತ್ತಿತ್ತು.

"ಮಾವಾರ, ಯಾರೂ ಇಲ್ಲದಾಗೂ ಹಂಗ ಮಾಡತೈತ್ರಿ. ಹೊಟ್ಟಿ ನೋಯಾಕತ್ತಿರಬೇಕು" ಎಂದೆ.

"ಯಾರೂ ನೋಡದಾಗ ಮಾಡೂದ ಖರೇ ಪ್ರಾರ್ಥನಾ, ತಂಗಿ. ನಮ್ಮ ಮಂದಿ ಚರ್ಚಿನ್ಯಾಗಷ್ಟ ಮೊಣಕಾಲೂರತಾರ" ಎಂದರು.

ಆ ಸಂಜೆಯೂ ನನ್ನ ಪಾಲಿನ ಕೊಬ್ಬನ್ನು ಎತ್ತಿಟ್ಟೆ. ವಾದಿಸಿದರೆ ಆ ನಗು ಹೋದೀತೆಂಬ ಹೆದರಿಕೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕಾಮಾಲೆ ಆದದ್ದು ನಾಯಿಯ ಕಣ್ಣಿಗೆ, ತಪ್ಪು ಕಂಡದ್ದು ನಮಗೆ.

ಅದು ಏಳಲಾರದಂತಾದ ದಿನ, ಮಾವ ಶಾಲೆಗೆ ಹೋದ ಮೇಲೆ, ಟಾಂಗಾದಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಒಯ್ದೆ. ಡಾಕ್ಟರರು ಬಲಗಡೆಯ ಪಕ್ಕೆಲುಬಿನ ಕೆಳಗೆ ಬೆರಳೊತ್ತಿದರು. ನಾಯಿ ಚೀರಿತು.

"ಪಿತ್ತದ ಚೀಲ ಬಾತೈತಿ. ಏನ ತಿನಿಸೀರಿ?"

"ಕುರಿ ಕೊಬ್ಬು ರೀ."

"ಇಂಥಾ ರೋಗಕ್ಕ ಕೊಬ್ಬು ಅಂದ್ರ ಬೆಂಕಿಗೆ ಎಣ್ಣಿ ಸುರದಂಗ. ಮುಂದ ಬಾಗಿ, ಹಿಂದ ಎತ್ತಿ ನಿಂದರತಿತ್ತೇನು?"

"ಹೌದ್ರಿ."

"ಹೊಟ್ಟಿನೋವು ತಡೀಲಾರದ ಹಂಗ ನಿಂದರತಾವು. ಮೊದಲ ತಂದಿದ್ರ ಬರೇ ಗಂಜಿ ಮ್ಯಾಲ ಇಟ್ಟು ನೋಡಬಹುದಿತ್ತು."

ಎರಡು ತಿಂಗಳು ಅದು ನಮ್ಮೆದುರು ನೋವು ತೋರಿಸಿತ್ತು. ನಾವು ನೆರೆಯವರನ್ನು ಕರೆದು ತೋರಿಸಿದ್ದೆವು. ಮೂರನೆಯ ದಿನ ಸತ್ತಿತು.

ಡಾಕ್ಟರರ ಮಾತನ್ನು ಮಾವನಿಗೆ ಒಂದಕ್ಷರ ಬಿಡದೆ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. "ದನದ ಡಾಕ್ಟರಗ ದೇವರ ಕೆಲಸ ಏನ ತಿಳೀತದ?" ಎಂದು ಎದ್ದುಹೋದರು. ಡಾಕ್ಟರರ ಮಾತು ನಿಜವೆಂದು ಅವರಿಗೆ ಆಗಲೇ ತಿಳಿದಿತ್ತು ಎಂದೇ ನಾನು ಇವತ್ತಿಗೂ ನಂಬಿದ್ದೇನೆ.

ಭಾನುವಾರ ಚರ್ಚಿನಲ್ಲಿ ಅವರೇ ಎದ್ದು ನಿಂತರು. ಮೂಕಪ್ರಾಣಿಯೊಂದು ಕೊನೆಯ ಉಸಿರಿನವರೆಗೆ ಪ್ರಾರ್ಥಿಸುತ್ತಲೇ ಕರ್ತನ ಪಾದ ಸೇರಿತು, ಅದನ್ನು ಮನೆಗೆ ತಂದದ್ದು ತಮ್ಮ ಸೊಸೆಯ ಪುಣ್ಯ ಎಂದರು. ಎಲ್ಲರೂ ಹೆಂಗಸರ ಸಾಲಿನಲ್ಲಿದ್ದ ನನ್ನತ್ತ ಹೊರಳಿ ನೋಡಿದರು. ಸಭೆಯೆಲ್ಲ ಆಮೆನ್ ಅಂದಿತು. ನಾನೂ ಅಂದೆ.