ಟೈಮಿಂಗ್ ಪರದೆ

ಮಾನ್ವಿಯ ರಾಯಚೂರು ರಸ್ತೆಯಲ್ಲಿರುವ ದಸ್ತಗೀರ್ ಸಾಬರ ಗ್ಯಾರೇಜಿನ ಮುಂದೆ ಹಳೆಯ ತಾಡಪತ್ರಿಯ ಪರದೆಯೊಂದಿದೆ. ಹಗಲೆಲ್ಲ ಅದನ್ನು ಸುತ್ತಿ ಮೇಲೆ ಕಟ್ಟಿರುತ್ತಾರೆ. ಕೆಳಗಿಳಿಯಿತೆಂದರೆ ಒಳಗೆ ಯಾವುದೋ ಇಂಜಿನ್ನಿಗೆ ಟೈಮಿಂಗ್ ಕೂರಿಸುತ್ತಿದ್ದಾರೆ ಎಂದು ಎದುರಿನ ಚಹಾದಂಗಡಿಯವನಿಗೂ ಗೊತ್ತು. ಆಗ ಗಾಡಿಯ ಮಾಲೀಕನೇ ಬಂದರೂ ಹೊರಗೇ ನಿಲ್ಲಬೇಕು. ಒಳಗಿರುವವರು ಇಬ್ಬರೇ. ಒಬ್ಬರು ಸಾಬರು, ಇನ್ನೊಬ್ಬ ಅವರ ಹಳೆಯ ಶಿಷ್ಯ, ಕುರ್ಡಿಯ ಗಡಿಗೆಪ್ಪ.

ವಿದ್ಯೆ ಯಾರಾದರೂ ಕದ್ದಾರೆಂಬ ಭಯಕ್ಕೆ ಸಾಬರ ಉಸ್ತಾದರ ಕಾಲದಲ್ಲಿ ಹುಟ್ಟಿದ ಪದ್ಧತಿ ಇದು. ಈಗ ಮೊಬೈಲ್ ತೆರೆದರೆ ಎಲ್ಲ ವಿದ್ಯೆಯೂ ಅಲ್ಲೇ ಬಿದ್ದಿರುತ್ತದೆ. ಆದರೂ ಸಾಬರ ಕೈಯ ಟೈಮಿಂಗೇ ಬೇಕೆಂದು ದೇವದುರ್ಗದಿಂದ ಗಾಡಿ ಎಳೆದುಕೊಂಡು ಬರುವ ಪುಣ್ಯಾತ್ಮರಿದ್ದಾರೆ.

ಟೈಮಿಂಗ್ ಅಂದರೆ ಏನು ಎಂದು ನಾನೂ ಒಮ್ಮೆ ಗಡಿಗೆಪ್ಪನನ್ನು ಕೇಳಿದ್ದೆ. ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕುವುದನ್ನು ನೋಡಿಲ್ಲವೇ ಎಂದ. ಒಬ್ಬಳದು ಇಳಿಯುವಾಗ ಇನ್ನೊಬ್ಬಳದು ಏಳಬೇಕು. ಇಂಜಿನ್ನಿನಲ್ಲಿ ಪಿಸ್ಟನ್ ಕೆಳಗಿನಿಂದ ಏರಿ ಬರುವಾಗ ಮೇಲಿನ ವಾಲ್ವುಗಳು ದಾರಿ ಬಿಟ್ಟಿರಬೇಕು. ಆ ವಾಲ್ವುಗಳನ್ನು ಒತ್ತಿ ತೆರೆಯುವುದು ಕ್ಯಾಮ್‌ಶಾಫ್ಟ್. ಅದರ ಚಕ್ರಕ್ಕೂ ಪಿಸ್ಟನ್ನಿನ ಜೊತೆ ತಿರುಗುವ ಕೆಳಗಿನ ಚಕ್ರಕ್ಕೂ ಒಂದೇ ಚೈನು. ಇಂಜಿನ್ ಬಿಚ್ಚಿ ಮತ್ತೆ ಕಟ್ಟುವಾಗ ಎರಡೂ ಚಕ್ರಗಳ ಗುರುತು ಕೂಡಿಸಿಯೇ ಚೈನು ಹಾಕಬೇಕು. ಚಕ್ರದ ಹಲ್ಲು ತಪ್ಪಿತೋ, ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ, ಕಟ್ಟಿದ್ದೆಲ್ಲ ಹಾಳು.

ಗಡಿಗೆಪ್ಪ ನನ್ನ ಚಿಕ್ಕಪ್ಪನ ಮಗಳು ಸುನಂದಾಳ ಗಂಡ. ಅವಳ ಕಡೆಯಿಂದಲೇ ನನಗೆ ಒಳಗಿನ ಗುಟ್ಟು ತಿಳಿದದ್ದು. ಸಾಬರ ಕಣ್ಣು ಹೋಗಿ ವರ್ಷಗಳಾಗಿವೆ. ಹೋದ ನೋಟ ಮರಳುವುದಿಲ್ಲ, ಉಳಿದಷ್ಟನ್ನು ಕಾಯಲು ಔಷಧಿ ಬಿಡುತ್ತಿರಿ ಎಂದು ರಾಯಚೂರಿನ ಡಾಕ್ಟರು ಹೇಳಿ ಕಳಿಸಿದ್ದಾರೆ. ಎದುರಿಗೆ ಬಂದವರ ಗುರುತು ಅವರಿಗೆ ದನಿಯಿಂದ ಸಿಗುತ್ತದೆ. ಚಕ್ರದ ಮೇಲಿನ ಕೂದಲೆಳೆಯಂಥ ಗೆರೆ ಎಲ್ಲಿಂದ ಕಾಣಬೇಕು? ಪರದೆಯ ಹಿಂದೆ ಟೈಮಿಂಗ್ ಕೂರಿಸುವವನು ಗಡಿಗೆಪ್ಪ. ಪರದೆ ಸರಿಸಿಕೊಂಡು ಕೈ ಒರೆಸುತ್ತ ಹೊರಗೆ ಬರುವವರು ಸಾಬರು.

ಇಷ್ಟಾದರೂ ಸಾಬರು ಸುಮ್ಮನೆ ಕೂರುವವರಲ್ಲ. ಅವರಿಗೂ ಕೈಯಾಡಿಸಲು ಸಿಗಲೆಂದು ಗಡಿಗೆಪ್ಪ ಅವರ ಎಲೆಯಡಿಕೆ ಡಬ್ಬಿಯ ಸುಣ್ಣವನ್ನು ಗುರುತಿನ ಹಲ್ಲಿಗೆ ದಪ್ಪಗೆ ಮೆತ್ತುತ್ತಿದ್ದ. ಒಣಗಿದ ಮೇಲೆ ಅವರು ಬೆರಳಿನಿಂದ ಮುಟ್ಟಿ ನೋಡಿ, ಬರೋಬ್ಬರಿ ಅದ ಎನ್ನುತ್ತಿದ್ದರು. ಇವನು ಆಗಲೇ ಕಣ್ಣಿನಿಂದ ನೋಡಿಟ್ಟಿರುತ್ತಿದ್ದ.

ನನಗೆ ಇದನ್ನು ಕೇಳಿ ಮೈಯೆಲ್ಲ ಉರಿಯಿತು. ದುಡಿಮೆ ಇವನದು, ಹೆಸರು ಅವರದು. ಸುನಂದಾಳಿಗಂತೂ ಸಾಕುಸಾಕಾಗಿತ್ತು. ಆದರೆ ಬಾಯಿ ಬಿಟ್ಟು ಜಗಳ ತೆಗೆಯಲು ಅವಳಿಗೂ ಆಗುತ್ತಿರಲಿಲ್ಲ. ಅವಳ ಮೊದಲ ಹೆರಿಗೆ ಕಷ್ಟವಾದಾಗ ಆಸ್ಪತ್ರೆಯಲ್ಲಿ ಪಕ್ಕ ಬಿಡದೆ ಕೂತಿದ್ದವಳು ಸಾಬರ ಹೆಂಡತಿ ನೂರ್ ಬೀ. ಗಡಿಗೆಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡು ಹೊತ್ತೂ ಬಡಿಸಿದ ಕೈಯೂ ಅದೇ. ತಾನು ಬಿಟ್ಟುಬಂದರೆ ಸಾಬರು ಮನೆ ಮೂಲೆ ಹಿಡಿಯಬೇಕಾಗುತ್ತದೆ ಎಂದು ಗಡಿಗೆಪ್ಪ ಅನ್ನುತ್ತಿದ್ದ. ಅವಳು ಒಳಗೇ ಬೇಯುತ್ತಿದ್ದಳು.

ಹೀಗಿರುವಾಗ ಮಾನ್ವಿಯ ಅಕ್ಕಿ ಗಿರಣಿಯ ವಿರೂಪಣ್ಣ ದೇವದುರ್ಗದಲ್ಲಿದ್ದ ತನ್ನ ಖಾಲಿ ಶೆಡ್ಡನ್ನು ಸ್ವಂತ ಗ್ಯಾರೇಜು ಹಾಕಲು ಗಡಿಗೆಪ್ಪನಿಗೆ ಬಿಟ್ಟುಕೊಡಲು ಮುಂದೆ ಬಂದ. ಸಾಬರ ಶಿಷ್ಯ ಅಂದಮೇಲೆ ಪರೀಕ್ಷೆ ಬೇಡ, ನೀನೇ ಬೋರ್ಡು ಹಾಕಿಕೋ ಎಂದ. ಸುನಂದಾಳ ತವರು ಅರಕೇರಾ ಅಲ್ಲಿಗೆ ಹತ್ತಿರ. ಅವಳು ಅಂದೇ ಪಾತ್ರೆ ಮೂಟೆ ಕಟ್ಟತೊಡಗಿದಳು. ಗಂಡ ಮಾತ್ರ ಮಂಕಾಗಿ ಕೂತ. ಅವಳ ತಾಳ್ಮೆ ಅಲ್ಲಿಗೆ ಮುಗಿಯಿತು.

"ಅವ್ರ ಕಣ್ಣು ಹೋದ್ರ ನಿಮ್ಮ ಕಾಲು ಯಾಕ ಕಟ್ಕೊಂಡು ಕುಂತೀರಿ?" ಎಂದಳು.

ಮರುದಿನ ಗಡಿಗೆಪ್ಪ ಸಾಬರ ಮುಂದೆ ವಿಷಯ ತೆಗೆದ. ಸಾಬರು ಎಲೆಗೆ ಸುಣ್ಣ ಸವರಿ ಮಡಿಚಿದರು.

"ಹೋಗು ಬೇಟಾ," ಎಂದರು. "ನೀ ಹುಟ್ಟೂಕಿಂತ ಮೊದ್ಲಿಂದ ಟೈಮಿಂಗ್ ಕೂಡ್ಸಾಕತ್ತೀನಿ ನಾ. ನಂದೇನು ಚಿಂತಿ ಮಾಡಬ್ಯಾಡ."

ಶೆಡ್ಡು ನೋಡಿಬರಲು ನಾನೂ ಅವನ ಜೊತೆ ದೇವದುರ್ಗಕ್ಕೆ ಹೋದೆ. ಗೋಡೆ ಗಟ್ಟಿಯಾಗಿತ್ತು, ಮುಂದೆ ಬೇವಿನ ಮರವೂ ಇತ್ತು. ಬೋರ್ಡು ಎಲ್ಲಿ ಬರಬೇಕೆಂದು ಅವನು ನನ್ನನ್ನೇ ಕೇಳಿದ. ಆ ದಿನ ಅವನು ನಕ್ಕಷ್ಟು ಅವನ ಮದುವೆಯಲ್ಲೂ ನಕ್ಕಿರಲಿಲ್ಲ.

ಅದೇ ಹೊತ್ತಿಗೆ ಇಲ್ಲಿ ಮಾನ್ವಿಯಲ್ಲಿ ಸಾಬರು ಪರದೆ ಇಳಿಸಿ ಒಬ್ಬರೇ ಒಳಗೆ ಕೂತಿದ್ದರು. ವಿರೂಪಣ್ಣನದೇ ಕಾರು ಇಂಜಿನ್ ಬಿಚ್ಚಿಸಿಕೊಂಡು ನಿಂತಿತ್ತು. ನಾಳೆ ಬಂದು ಚೈನು ಹಾಕಿದರಾಯಿತೆಂದು ಗಡಿಗೆಪ್ಪ ಗುರುತಿಗೆ ಸುಣ್ಣ ಮೆತ್ತಿ ಹೋಗಿದ್ದ. ತಾನಿಲ್ಲದೆಯೂ ಉಸ್ತಾದರ ಕೆಲಸ ನಡೆಯುತ್ತದೆಂದು ಕಂಡರೆ ಹುಡುಗ ಹಗುರ ಮನಸ್ಸಿನಿಂದ ಹೋದಾನು ಎಂಬುದು ಸಾಬರ ಲೆಕ್ಕಾಚಾರ, ಇದೆಲ್ಲ ಆಮೇಲೆ ಅವರೇ ಹೇಳಿದ್ದು. ನಲವತ್ತು ದಾಟಿದವನು ಅವರಿಗೆ ಇನ್ನೂ ಹುಡುಗನೇ.

ಧೂಳಿದೆಯೆಂದು ಅವರು ಚಕ್ರವನ್ನು ಡೀಸೆಲ್ಲಿನಲ್ಲಿ ಒರೆಸಿದರು. ಸುಣ್ಣ ಎದ್ದು ಆಚೆಗಿನ ಹಲ್ಲಿಗೆ ಮೆತ್ತಿಕೊಂಡಿತು. ಬೆರಳಿಗೆ ಒರಟು ಸಿಕ್ಕಲ್ಲೇ ಗುರುತೆಂದು ಅವರು ಚೈನು ಹಾಕಿದರು. ಚಾಲೂ ಮಾಡುವ ಮೊದಲು ಇಂಜಿನ್ನನ್ನು ಎರಡು ಸುತ್ತು ಕೈಯಿಂದಲೇ ತಿರುಗಿಸಿ ನೋಡಬೇಕೆಂದು ಗಡಿಗೆಪ್ಪನಿಗೆ ಕಲಿಸಿದವರು ಅವರೇ. ತಿರುಗಿಸಿದರು. ನಡುವೆ ತಡೆಯಿತು. ಹೊಸ ಪಿಸ್ಟನ್ನಿನ ಬಿಗಿ ಎಂದುಕೊಂಡು ಜಗ್ಗಿ ತಿರುಗಿಸಿದರು.

ವಿರೂಪಣ್ಣ ಒಯ್ದ ಕಾರು ಮೊದಲಿಂದಲೂ ಕೆಮ್ಮುತ್ತಲೇ ಹೋಗಿ ರಾಯಚೂರು ದಾರಿಯ ಕಲ್ಮಲದ ಹತ್ತಿರ ಪೂರ್ತಿ ನಿಂತಿತು. ನಾವು ದೇವದುರ್ಗದಿಂದ ಮರಳಿದಾಗ ವಿರೂಪಣ್ಣ ಅದನ್ನು ಎಳೆತರಿಸಿ ಗ್ಯಾರೇಜಿನ ಮುಂದೆ ನಿಂತಿದ್ದ, ಸುತ್ತ ಅರ್ಧ ಬಜಾರು ಸೇರಿತ್ತು. ಗಡಿಗೆಪ್ಪ ಮೇಲಿನ ಮುಚ್ಚಳ ಬಿಚ್ಚಿ ಬಗ್ಗಿ ನೋಡಿದ. ಸುಣ್ಣ ಎಲ್ಲಿತ್ತೆಂದು ಅವನಿಗೆ ಕಂಡಿತು. ಅವನ ಮುಖ ನೋಡಿಯೇ ನನಗೂ ತಿಳಿಯಿತು.

ಇದನ್ನು ಕೂರಿಸಿದವರು ಯಾರು ಎಂದು ವಿರೂಪಣ್ಣ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಗಡಿಗೆಪ್ಪ ನನ್ನ ತೋಳು ಒತ್ತಿ ಹಿಡಿದ.

"ಗುರ್ತು ಹಾಕಿದವ ನಾನ ರೀ," ಎಂದ.

ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಹಂಗಾದ್ರ ದೇವದುರ್ಗದ ಮಾತು ಬಿಡು," ಎಂದ ವಿರೂಪಣ್ಣ. "ಸಾಬ್ರ ಕೈಕೆಳಗ ಇನ್ನಷ್ಟು ಕಲಿ."

ಬಾಗಿದ ವಾಲ್ವುಗಳ ಜಾಗಕ್ಕೆ ಹೊಸವು ಬಂದವು. ಕಾರು ಸಿದ್ಧವಾಗಬೇಕಿದ್ದ ಬೆಳಿಗ್ಗೆ ನಾನೂ ಗ್ಯಾರೇಜಿಗೆ ಹೋದೆ. ಒಳ್ಳೆಯ ಮಾತಿನಲ್ಲಿ ಕೇಳಿ ನೋಡಿದರೆ ಕಾರು ಒಯ್ಯಲು ಬಂದಿದ್ದ ವಿರೂಪಣ್ಣ ಕರಗಿಯಾನು ಎಂಬ ಆಸೆ. ಸುನಂದಾ ಮೂಟೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ಪರದೆ ಇಳಿಯಿತು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಇಂಜಿನ್ನಿನ ಸದ್ದು ಬಂತು, ಒಂದು ತೊದಲೂ ಇಲ್ಲದ ಸದ್ದು. ಸಾಬರು ಹೊರಗೆ ಬಂದರು. ಈ ಸಲ ಅವರು ಕೈ ಒರೆಸಿಕೊಳ್ಳಲಿಲ್ಲ. ಒರೆಸಿಕೊಳ್ಳಲು ಕೈಗೆ ಎಣ್ಣೆಯೇ ಹತ್ತಿರಲಿಲ್ಲ.

"ವಿರೂಪಣ್ಣಾ, ಇದನ್ನ ಕೂಡ್ಸಿದವ ಗಡಿಗೆಪ್ಪ," ಎಂದರು. "ಆವತ್ತು ಕೆಡಿಸಿದವ ನಾನು. ನನಗ ಕಣ್ಣು ಕಾಣಂಗಿಲ್ಲ."

ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಗಡಿಗೆಪ್ಪ ಪರದೆಯ ಅಂಚು ಹಿಡಿದು ಹಾಗೇ ನಿಂತಿದ್ದ.

ವಿರೂಪಣ್ಣ ನಕ್ಕ. ಸಾಬರ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ.

"ನಿಮಗ ಕಣ್ಯಾಕ್ರಿ ಸಾಬ್ರ, ಕೈಯಾಗ ಅದಾವಲ್ಲ. ಶಿಷ್ಯಾನ ತಪ್ಪು ತಮ್ಮ ಮ್ಯಾಲ ಎಳಕೊಳ್ಳೂ ಗುರುಗಳು ಈಗ ಎಲ್ಲದಾರ?"

ಸಾಬರು ಮತ್ತೆ ಹೇಳಿದರು. ನಾನೂ ಹೌದೆಂದೆ. ಹೆಂಡತಿಯ ಕಡೆಯವನು ಮತ್ತೇನು ಹೇಳಿಯಾನು ಎಂದು ಯಾರೋ ಅಂದರು, ಸುತ್ತಲಿದ್ದವರು ನಕ್ಕರು. ಸಾಬರ ದೊಡ್ಡ ಮನಸ್ಸನ್ನು ಹೊಗಳುತ್ತಲೇ ವಿರೂಪಣ್ಣ ಕಾರು ಹತ್ತಿ ಹೋದ. ಅದು ಹೋದ ಜಾಗಕ್ಕೆ ಸಿರವಾರದ ಗಾಡಿಯೊಂದು ಬಂದು ನಿಂತಿತು. ಟೈಮಿಂಗ್ ಸಾಬರೇ ಕೂರಿಸಬೇಕಂತೆ.

ಸುನಂದಾಳಿಗೆ ಏನು ಹೇಳಲಿ ಎಂದು ನಾನು ಗಡಿಗೆಪ್ಪನನ್ನು ಕೇಳಿದೆ. ಅವನು ಎಲೆಯಡಿಕೆ ಡಬ್ಬಿ ತೆರೆದು ಸುಣ್ಣ ಎಷ್ಟಿದೆ ಎಂದು ನೋಡುತ್ತಿದ್ದ.

"ಪಾತ್ರಿ ಬಿಚ್ಚಿಡು ಅನ್ರಿ," ಎಂದ.